ಎರಡು ಸಾಲು ಕೆಳಗೆ ಜಾರಿದ ಬೆರಳು

ಲಾ ರಿಂಕೊನಾದಾದ ಮೀನುಗಾರರ ಕೇರಿಯಲ್ಲಿ ಎವಾರಿಸ್ತಾ ಪಿಂಕಾಯ್‌ಳ ತಂಗುಮನೆ ಗೊತ್ತಿಲ್ಲದವರಿಲ್ಲ. ಬಿದಿರಿನ ಗೋಡೆಯ ನಾಲ್ಕು ಕೋಣೆ, ಜಗಲಿಯಲ್ಲಿ ಮೂರು ಜೋಲಿ, ಹಿತ್ತಲಲ್ಲಿ ಉಪ್ಪುನೀರು ತೊಳೆದುಕೊಳ್ಳಲು ಒಂದು ಡ್ರಮ್ಮು. ಬೆನ್ನಿಗೆ ಚೀಲ ಕಟ್ಟಿಕೊಂಡು ಪೆರುವಿನಿಂದ ಎಕ್ವಡಾರಿನ ಕಡಲಂಚು ಹಿಡಿದು ಕೊಲಂಬಿಯಾದ ಕಡೆಗೆ ಹೋಗುವ ಹುಡುಗ ಹುಡುಗಿಯರು ಅಲ್ಲಿ ಒಂದು ರಾತ್ರಿಗೆಂದು ಇಳಿದು ವಾರ ಉಳಿಯುತ್ತಿದ್ದರು.

ಅವಳೇನು ಹುಟ್ಟಾ ಹೋಟೆಲಿನವಳಲ್ಲ. ಹದಿನಾಲ್ಕನೇ ವಯಸ್ಸಿನಿಂದ ಮೂವತ್ತು ದಾಟುವ ತನಕ ಸೊಂಟಮಟ್ಟದ ಅಲೆಯಲ್ಲಿ ನಿಂತು ತ್ರಿಕೋನದ ಬಲೆ ತಳ್ಳಿದವಳು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸಿಗಡಿಮರಿಗಳನ್ನು ಹಿಡಿದು ಸಾಕಣೆ ಕೆರೆಗಳವರಿಗೆ ಕೊಡುವುದು ಆ ದಿನಗಳಲ್ಲಿ ಊರಿಗೆ ಊರೇ ಮಾಡುತ್ತಿದ್ದ ಕೆಲಸ. ಆಮೇಲೆ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸುವುದನ್ನು ಕಂಡುಹಿಡಿದರು, ಬಲೆಗಳು ಅಟ್ಟ ಸೇರಿದವು. ಗಂಡ ಕೆಲಸ ಹುಡುಕಿಕೊಂಡು ಗ್ವಾಯಾಕಿಲ್‌ಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಎವಾರಿಸ್ತಾ ಅತ್ತುಕೊಂಡು ಕೂರಲಿಲ್ಲ. ಮಳೆಗೆ ಸಿಕ್ಕಿಕೊಂಡ ಇಬ್ಬರು ಪರದೇಶಿಗಳಿಗೆ ಒಂದು ಸಂಜೆ ಜಗಲಿಯಲ್ಲಿ ಜಾಗ ಕೊಟ್ಟಳು. ತಂಗುಮನೆ ಶುರುವಾದದ್ದು ಹಾಗೆ.

ಐವತ್ತೆಂಟು ತುಂಬುವ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖಗಳು ಮಂಜಿನೊಳಗಿಂದ ಎದ್ದುಬಂದಂತೆ ಕಾಣುತ್ತಿದ್ದವು, ಅಕ್ಷರಗಳಂತೂ ಇರುವೆಸಾಲು. ಯಾರಿಗೂ ಹೇಳಲಿಲ್ಲ. ಮಂತಾ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಮಗಳು ನಾರ್ಸಿಸಾ ಹಿಂದೆಯೇ ಹೇಳಿಬಿಟ್ಟಿದ್ದಳು, ಕಣ್ಣು ಕೈಕೊಟ್ಟ ದಿನ ಮನೆಗೆ ಬೀಗ ಹಾಕಿ ನನ್ನ ಜೊತೆ ಬಂದುಬಿಡಬೇಕು ಅಂತ. ಮಗಳ ಮನೆ ಮೂರನೇ ಮಹಡಿಯಲ್ಲಿತ್ತು. ಎವಾರಿಸ್ತಾ ಎಣ್ಣೆಯ ಡಬ್ಬಿ ಯಾವುದು, ಸಕ್ಕರೆಯ ಡಬ್ಬಿ ಯಾವುದು ಎಂದು ಮುಟ್ಟಿ ತಿಳಿಯುವುದನ್ನು ಕಲಿತುಕೊಂಡಳು.

ಆ ಫೆಬ್ರವರಿಯಲ್ಲಿ ಮಳೆಗೆ ರಸ್ತೆ ಕುಸಿದು ಬಸ್ಸು ನಿಂತಿತ್ತು. ಅರ್ಜೆಂಟೀನಾದ ರೊಸಾರಿಯೊ ಊರಿನ ಜೋಡಿಯೊಂದು, ಮಾಲೆನಾ ಮತ್ತು ಫೆರ್ಮಿನ್, ಮೂರು ದಿನದಿಂದ ಅವಳಲ್ಲಿ ತಂಗಿದ್ದರು. ಮಾಲೆನಾ ಮಾತಿನ ಮಲ್ಲಿ, ಫೆರ್ಮಿನ್ ಈಜು ಬಾರದ ಅಂಜುಬುರುಕ. ಇನ್ನು ಕಾಯುವುದು ಬೇಡ, ಮರಳಿನ ಮೇಲೇ ನಡೆದು ಮುಂದಿನ ಊರಾದ ಸಾನ್ ಎಲೋಯ್ ಸೇರುತ್ತೇವೆ ಎಂದರು. ಎರಡು ಗಂಟೆಯ ದಾರಿ. ನಡುವೆ ಪುಂಟಾ ಬ್ರಾವಾದಲ್ಲಿ ಬಂಡೆಯ ಎರಡು ಮೂತಿಗಳು ಕಡಲಿಗೆ ಚಾಚಿವೆ. ನೀರು ಇಳಿದಾಗ ಮಾತ್ರ ಅವನ್ನು ಸುತ್ತಿಕೊಂಡು ಹೋಗಬಹುದು. ಇಳಿತ ಎಷ್ಟು ಹೊತ್ತಿಗೆ ಎಂದು ಮಾಲೆನಾ ಕೇಳಿದಳು.

ಎವಾರಿಸ್ತಾ ಗೋಡೆಯ ಮೇಲಿನ ಉಬ್ಬರವಿಳಿತದ ಪಟ್ಟಿಗೆ ಮೂಗು ತಾಗಿಸಿ ಬೆರಳು ಓಡಿಸಿದಳು. ಒಂದು ಐವತ್ತು, ಎಂದಳು. ಒಂದು ಗಂಟೆಗೆ ಹೊರಡಿ, ಸರಿಹೋಗುತ್ತೆ ಅಂತಲೂ ಸೇರಿಸಿದಳು. ಅವರು ಹೊರಟಾಗ ದಾರಿಗೆಂದು ಹುರಿದ ಬಾಳೆಕಾಯಿ ಕಟ್ಟಿಕೊಟ್ಟಳು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಪಕ್ಕದ ಮನೆಯ ಮೀನುಗಾರ ಇಟಾಲೊ ಚೊಯೆಸ್ ಬಂದ. ದೋಣಿಯನ್ನು ಇನ್ನೂ ಮೇಲಕ್ಕೆ ಎಳೆಯಬೇಕು, ಹುಣ್ಣಿಮೆಯ ಉಬ್ಬರ ಈ ಸಲ ಓಡೋಡಿ ಬರುತ್ತಿದೆ ಎಂದು ಗೊಣಗಿದ.

"ಈಗ ಇಳಿತ ಅಲ್ವೇನೋ?" ಎಂದಳು ಎವಾರಿಸ್ತಾ.

"ಇಳಿತ ಹನ್ನೆರಡೂ ಹತ್ತಕ್ಕೇ ಮುಗೀತಲ್ಲ. ಒಂದೂ ಐವತ್ತು ನಾಡಿದ್ದಿನದು. ಯಾಕೆ?"

ಆ ಹುಡುಗ ಹುಡುಗಿ ಪುಂಟಾ ಬ್ರಾವಾ ಕಡೆಗೆ ಹೋಗಿದ್ದಾರೆ, ಬೈಕು ತೆಗೆ ಎಂದು ಎವಾರಿಸ್ತಾ ಅಂಗಳಕ್ಕೆ ಓಡಿದಳು.

ಇಟಾಲೊನ ಮೋಟಾರುಬೈಕಿನಲ್ಲಿ ಒದ್ದೆ ಮರಳಿನ ಮೇಲೆ ಇಬ್ಬರೂ ಹಾರಿದರು. ದೋಣಿ ತರುವ ಮಾತು ಅವನೇ ಎತ್ತಿ ಅವನೇ ಬಿಟ್ಟ. ಈ ಅಲೆಗೆ ಬಂಡೆಯ ಹತ್ತಿರ ಹೋದ ದೋಣಿ ಚೂರಾಗುತ್ತಿತ್ತು. ಮೊದಲ ಮೂತಿಯ ಬುಡದಲ್ಲಿ ಆಗಲೇ ನೀರು ನೊರೆಯೆದ್ದು ಅಪ್ಪಳಿಸುತ್ತಿತ್ತು. ಹೆಜ್ಜೆಗುರುತುಗಳು ಅದರೊಳಗೆ ಹೋಗಿದ್ದವು, ವಾಪಸು ಬಂದಿರಲಿಲ್ಲ. ಎರಡು ಮೂತಿಗಳ ನಡುವಿನ ಕಿಸೆಯಂಥ ಕೊಲ್ಲಿಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದು ಇಬ್ಬರಿಗೂ ಹೇಳದೆಯೇ ತಿಳಿಯಿತು. ಅಲ್ಲಿನ ಕೆಮ್ಮಣ್ಣಿನ ಕಡಿದಾದ ದರೆ ಹತ್ತಲು ಹೋದರೆ ಕೈಗೇ ಉದುರಿ ಬರುತ್ತದೆ. ಸಂಜೆಯ ಹೊತ್ತಿಗೆ ಅಲ್ಲಿ ನಿಲ್ಲಲು ಒಂದು ಮೊಳ ಮರಳೂ ಇರುವುದಿಲ್ಲ.

ಬಂಡೆಯ ಗೋಡೆಗೆ ಒತ್ತಿಕೊಂಡಂತೆ ನೀರಿನೊಳಗೆ ಮೆಟ್ಟಿಲಿನಂಥ ಒಂದು ಕಲ್ಲಿನ ಅಂಚಿತ್ತು. ಎರಡು ಗೇಣು ಅಗಲ, ಐವತ್ತು ಹೆಜ್ಜೆ ಉದ್ದ. ಬಲೆ ತಳ್ಳುವ ದಿನಗಳಲ್ಲಿ ಅವಳು ನೂರಾರು ಸಲ ಅದರ ಮೇಲೆ ನಡೆದಿದ್ದಳು. ಇಟಾಲೊ ತಂದಿದ್ದ ಹಗ್ಗವನ್ನು ಸೊಂಟಕ್ಕೆ ಬಿಗಿದು, ಅವನ ಮೀನುಚೂರಿಯನ್ನೂ ಅಲ್ಲೇ ಸಿಕ್ಕಿಸಿಕೊಂಡಳು.

"ಮಂಡಿ ಸರಿಯಿದ್ದಿದ್ರೆ ನಾನೇ ಹೋಗ್ತಿದ್ದೆ," ಎಂದ ಇಟಾಲೊ.

"ನೀನು ಹಗ್ಗ ಹಿಡಿ, ಬಾಯಿ ಮುಚ್ಕೊ."

ನಾಲ್ಕು ದೊಡ್ಡ ಅಲೆ ಸಾಲಾಗಿ ಬಂದು ಹೋಗುವ ತನಕ ಕಾದಳು, ಆಮೇಲೆ ಇಳಿದಳು. ನೀರು ತೊಡೆಗೆ ಬಂತು. ಕಣ್ಣು ಮುಚ್ಚಿದರೂ ತೆರೆದರೂ ಬಿಳಿ ನೊರೆಯೇ. ಬರಿಗಾಲ ಬೆರಳುಗಳಿಂದ ಕಲ್ಲಿನ ಅಂಚು ತಡವುತ್ತಾ, ಅರ್ಧದಾರಿಯಲ್ಲಿದ್ದ ಬಿರುಕಿಗೆ ಮೈ ತುರುಕಿ ಮುಂದಿನ ನಾಲ್ಕು ಅಲೆಗಳನ್ನು ಕುತ್ತಿಗೆಯ ಮೇಲೆ ಹೊತ್ತು, ಮತ್ತೆ ನಡೆದಳು.

ಅವರಿಬ್ಬರೂ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡೇ ದರೆಗೆ ಅಂಟಿ ನಿಂತಿದ್ದರು. ಚೀಲ ಇಲ್ಲೇ ಬಿಡಿ ಎಂದಳು. ಫೆರ್ಮಿನ್ ತಕ್ಷಣ ಕಳಚಿದ. ಮಾಲೆನಾ ಬಿಡಲಿಲ್ಲ, ಇಬ್ಬರ ಪಾಸ್‌ಪೋರ್ಟೂ ಅದರ ತಳದಲ್ಲಿದೆ, ಬಿಚ್ಚಿ ತೆಗೆಯುತ್ತೇನೆ ಎಂದಳು. ಅಷ್ಟರಲ್ಲಿ ಅಲೆ ಅವಳ ಮೊಣಕಾಲು ಮುಟ್ಟಿತು. ವಾದಕ್ಕೆ ಸಮಯವಿರಲಿಲ್ಲ. ಫೆರ್ಮಿನ್‌ನನ್ನು ಮುಂದೆ ಬಿಟ್ಟು, ಹಗ್ಗ ಹಿಡಿಸಿ, ಮಾಲೆನಾಳ ಮಣಿಕಟ್ಟನ್ನು ತಾನು ಹಿಡಿದು ಹೊರಟಳು.

ಬಿರುಕಿನ ಬಳಿ ಮೂವರೂ ಒಬ್ಬರ ಮೇಲೊಬ್ಬರು ಒತ್ತಿಕೊಂಡರು. ಎರಡನೇ ಅಲೆ ಮಾಲೆನಾಳ ಚೀಲವನ್ನು ಹಿಡಿದೆಳೆಯಿತು. ಹುಡುಗಿಯ ಕಾಲು ಮೆಟ್ಟಿಲಿನಿಂದ ತಪ್ಪಿತು, ತಲೆ ನೀರಿನಡಿ ಹೋಯಿತು, ಎವಾರಿಸ್ತಾಳ ಹಿಡಿತದಲ್ಲಿ ಉಳಿದದ್ದು ನಾಲ್ಕು ಬೆರಳು. ಸೊಂಟದ ಮೀನುಚೂರಿ ತೆಗೆದು ತಡವಿ ಚೀಲದ ಒಂದು ಪಟ್ಟಿ ಕೊಯ್ದಳು. ಇನ್ನೊಂದನ್ನು ಕೊಯ್ಯುವಾಗ ಹುಡುಗಿಯ ಭುಜವೂ ಸೀಳಿತು. ಚೀಲ ಹೋಯಿತು, ಹುಡುಗಿ ಮೇಲೆ ಬಂದಳು. ಆಚೆಯಿಂದ ಇಟಾಲೊ ಹಗ್ಗ ಸೆಳೆದು ಬಿಗಿಮಾಡಿದ. ಉಳಿದ ಇಪ್ಪತ್ತೈದು ಹೆಜ್ಜೆಯನ್ನು ಯಾರು ಹೇಗೆ ನಡೆದರೆಂದು ಮೂವರಿಗೂ ಆಮೇಲೆ ನೆನಪಿರಲಿಲ್ಲ.

ಮರಳಿನ ಮೇಲೆ ಬಿದ್ದುಕೊಂಡಾಗ ಇಟಾಲೊ ಬೈಯತೊಡಗಿದ. ಪೇಟೆಯ ಮಕ್ಕಳಿಗೆ ಕಡಲೆಂದರೆ ಈಜುಕೊಳ, ಹೇಳಿದ ಹೊತ್ತಿಗೆ ಹೊರಟಿದ್ದರೆ ಹೀಗಾಗುತ್ತಿತ್ತೇ ಎಂದ. ಮಾಲೆನಾ ಭುಜ ಒತ್ತಿಹಿಡಿದು ಏದುಸಿರು ಬಿಡುತ್ತಿದ್ದಳು. ಎವಾರಿಸ್ತಾ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಆಗಲಿಲ್ಲ.

"ಅವ್ರನ್ನ ಬೈಬೇಡ ಇಟಾಲೊ. ಹೊತ್ತು ತಪ್ಪು ಹೇಳಿದ್ದು ನಾನು. ನಂಗೆ ಅಕ್ಷರ ಕಾಣಲ್ಲ. ಎರಡು ವರ್ಷ ಆಯ್ತು."

ಮಾಲೆನಾ ಎದ್ದು ಕೂತಳು. "ಗೊತ್ತಿದ್ದೂ ಹೇಳಿದ್ಯಾ? ಪಕ್ಕದಲ್ಲೇ ಇದ್ನಲ್ಲ, ನೀನೇ ಓದ್ಕೊ ಅನ್ನೋಕೆ ಬಾಯಿ ಬರ್ಲಿಲ್ವಾ?"

"ಬರ್ಲಿಲ್ಲ," ಎಂದಳು ಎವಾರಿಸ್ತಾ.

ಹೊಸ ಕಾಗದಪತ್ರ ಬರುವ ತನಕ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹನ್ನೊಂದು ದಿನ ಅದೇ ಮನೆಯಲ್ಲಿದ್ದರು. ಮೊದಲ ದಿನ ಎವಾರಿಸ್ತಾ ಕಡಲೆಕಾಯಿ ಅರೆದು ಹಾಕಿದ ಮೀನಿನ ಸಾರು ಮಾಡಿಟ್ಟರೆ ಮಾಲೆನಾ ಮುಟ್ಟಲಿಲ್ಲ, ಇಟಾಲೊನ ಮನೆಗೆ ಹೋಗಿ ಬ್ರೆಡ್ಡು ತಿಂದಳು. ಮೂರನೆಯ ದಿನ ಜ್ವರ ಬಂದಾಗ ಭುಜದ ಗಾಯಕ್ಕೆ ಔಷಧಿ ಹಚ್ಚಿಸಿಕೊಂಡಳು, ಮುಖ ಆಚೆ ತಿರುಗಿಸಿಕೊಂಡೇ. ಆರನೆಯ ದಿನ, ಎವಾರಿಸ್ತಾ ಕೇಳದಿದ್ದರೂ, ಅವಳ ಫೋನು ತೆಗೆದು ನಾರ್ಸಿಸಾಳ ನಂಬರು ಒತ್ತಿ ಕೈಗೆ ಕೊಟ್ಟಳು. "ನೀನಾಗೇ ಹೇಳ್ತೀಯೋ, ನಾನು ಹೇಳ್ಲೋ?"

ಎವಾರಿಸ್ತಾ ತಾನೇ ಹೇಳಿದಳು. ಮಗಳು ಮರುವಾರವೇ ರಜೆ ಹಾಕಿ ಬಂದು ತಾಯಿಯನ್ನು ಪೋರ್ತೊವಿಯೆಹೊದ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಶಸ್ತ್ರಚಿಕಿತ್ಸೆಗೆ ಏಪ್ರಿಲ್‌ನಲ್ಲಿ ದಿನ ಸಿಕ್ಕಿತು. ಮನೆಗೆ ಬೀಗ ಹಾಕುವ ಮಾತನ್ನು ಮಗಳು ಮತ್ತೆ ಎತ್ತಿದಳು. ಅದು ಜಗಳವಾಗಿ ಬೆಳೆದು ಇವತ್ತಿಗೂ ಹಾಗೇ ಇದೆ.

ಹನ್ನೊಂದು ದಿನ ಕಳೆದು ಹೊಸ ಕಾಗದಪತ್ರವೂ ಕೈಸೇರಿ, ರಸ್ತೆ ಸರಿಹೋಗಿ ಬಸ್ಸು ಬಂದ ಬೆಳಿಗ್ಗೆ ಫೆರ್ಮಿನ್ ಎವಾರಿಸ್ತಾಳನ್ನು ಅಪ್ಪಿಕೊಂಡು ಗಳಗಳ ಅತ್ತ. ಮಾಲೆನಾ ಸ್ವಲ್ಪ ದೂರವೇ ನಿಂತಿದ್ದಳು. ಕೊನೆಗೆ ಹತ್ತಿರ ಬಂದಳು.

"ನಿಂಗೆ ಉಪಕಾರ ಆಯ್ತು ಅನ್ನೋಕೂ ಆಗ್ತಿಲ್ಲ, ಶಾಪ ಹಾಕೋಕೂ ಆಗ್ತಿಲ್ಲ."

"ಎರಡನ್ನೂ ಇಟ್ಕೊಂಡಿರು ಮಗಳೆ. ಬಸ್ಸು ಹೊರಡ್ತದೆ, ಹತ್ತು."

ಹುಡುಗಿ ಹತ್ತಿದಳು. ಕಿಟಕಿಯಿಂದ ಕೈಬೀಸಿದಳೋ ಇಲ್ಲವೋ ಎವಾರಿಸ್ತಾಳಿಗೆ ಕಾಣಲಿಲ್ಲ. ಬೀಸಿದಳು ಎಂದು ಪಕ್ಕದಲ್ಲಿ ನಿಂತಿದ್ದ ಇಟಾಲೊ ಹೇಳಿದ.