ಐದರಿಂದ ಎಂಟು, ಕ್ಲಬ್ಬಿಗೆ ಬಿಡುವು

ಹೊಳಲ್ಕೆರೆ ತಾಲ್ಲೂಕಿನ ಊರೊಂದರ ಗ್ರಾಮ ಪಂಚಾಯಿತಿ ಇಸ್ಪೀಟ್ ಕ್ಲಬ್ಬಿನ ಪರವಾನಗಿಗೆ ಹೊಸ ನಿಯಮ ಬರೆದು, ಸಾರ್ವಜನಿಕರಿಂದ ಆಕ್ಷೇಪಣೆ ಕರೆದಿತ್ತು. ಸಭೆ ಮಧ್ಯಾಹ್ನ ಮೂರಕ್ಕೆ. ವರದಿ ಮಾಡಬೇಕಿದ್ದ ನಾನು ಹತ್ತು ನಿಮಿಷ ಮೊದಲೇ ಹೋಗಿ ಕುಳಿತೆ. ಪತ್ರಿಕೆಯ ಕೆಲಸ ಕಲಿಸಿದ ಶಿಸ್ತು ಅದು. ಅದರಿಂದ ಈವರೆಗೆ ಯಾವ ಸಭೆಯೂ ಬೇಗ ಶುರುವಾಗಿಲ್ಲ.

ಮೂರೂವರೆಯಾದರೂ ಅಷ್ಟೂ ಕುರ್ಚಿಗಳಲ್ಲಿ ಇದ್ದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಕ್ಲಬ್ಬಿನ ಎದುರು ದಿನಾ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಅಮ್ಮ. ಮೊಣಕಾಲು ನೋವೆಂದು ಅವರು ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿದ್ದರು.

"ಕ್ಲಬ್ಬೇ ಬೇಡ ಅಂತೀರೇನಮ್ಮ?" ಸಭೆ ನಡೆಸುತ್ತಿದ್ದ ಪಂಚಾಯಿತಿ ಪಿಡಿಒ ಕೇಳಿದರು. ಜೂಜಿನ ಕೆಡುಕಿನ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದರು, ಪಾಪ.

"ಯಾಕ್ ಬೇಡ ಸಾರ್, ಇರ್ಲಿ. ನಮ್ಮನೆಯವ್ರು ರೈಲ್ವೇಲಿ ರಿಟೈರ್ ಆಗ್ಯಾರೆ. ಹಗಲೆಲ್ಲ ಮನೇಲಿ ಕುಂತ್ರೆ ನನ್ ತಲೆ ತಿಂತಾರೆ. ಐದರಿಂದ ಎಂಟರ ತಂಕ ಮಾತ್ರ ಬಾಗ್ಲು ಹಾಕ್ಸಿ."

"ಅದ್ಯಾಕೆ ಆ ಹೊತ್ತೇ?"

"ಬಾಣಲೆ ಮುಂದೆ ನಿಂತ್ರೆ ಮಣಕಾಲು ಪೂರ್ತಿ ಹೋಗ್ತೈತೆ ಅಂತ ಡಾಕ್ಟ್ರು ಹೇಳ್ಯಾರೆ. ಇವರನ್ನ ಕರೆಯಾಕೆ ಹೋದ್ರೆ, ಇದೊಂದ್ ಆಟ ಮುಗೀಲಿ ಅಂತಾರೆ. ಅವ್ರು ಬಂದು ಎಣ್ಣೆಗೆ ಬಜ್ಜಿ ಬಿಟ್ರೆ ಅಂಗಡಿ ಐತೆ. ಇಲ್ಲಾಂದ್ರೆ ಈ ತಿಂಗಳಿಗೇ ಮುಚ್ಚಬೇಕು."

ಪಿಡಿಒ ತಮ್ಮ ಎರಡು ಪುಟಗಳನ್ನು ಮಡಿಚಿಟ್ಟು, ಇದನ್ನು ಬರೆದುಕೊಂಡರು. ಆದರೆ ಕ್ಲಬ್ಬಿನವರ ಮಾತನ್ನೂ ಕೇಳಬೇಕಿತ್ತು. ಆಟದ ಹೊತ್ತು ಒಂದು ಗಂಟೆಯೂ ಕಡಿಮೆಯಾಗಕೂಡದೆಂದು ಒತ್ತಾಯಿಸಲು ಎಲ್ಲರೂ ಒಟ್ಟಾಗಿ ಬರುತ್ತೇವೆ, ಫೋಟೋ ತೆಗೆಯಿರಿ ಎಂದು ಅವರ ಅಧ್ಯಕ್ಷರು ಬೆಳಿಗ್ಗೆಯೇ ನನಗೆ ಹೇಳಿದ್ದರು. ಕ್ಲಬ್ಬು ಪಂಚಾಯಿತಿ ಕಾಂಪೌಂಡಿನ ಆಚೆಗೇ ಇತ್ತು. ಕರೆಯಲು ಹೋದ ಜವಾನ ಒಬ್ಬನೇ ಮರಳಿದ.

"ಎಲೆ ಹಂಚಿಬಿಟ್ಟಾರೆ ಸಾರ್. ಈ ಆಟ ಮುಗಿಸ್ಕಂಡು ಬರ್ತಾರಂತೆ."

ಆ ಕ್ಲಬ್ಬಿನ ಕಟ್ಟಳೆ ಊರಿಗೇ ಗೊತ್ತು. ಎಲೆ ಹಂಚಿದ ಮೇಲೆ ಎದ್ದವನು ಸೋತಂತೆ. ಹಿಂದೊಮ್ಮೆ ಸದಸ್ಯರೊಬ್ಬರ ಹೊಸ ಅಳಿಯ ಬಂದು ಬಾಗಿಲಲ್ಲಿ ನಿಂತಾಗಲೂ ಆ ಮಾವ ಎದ್ದಿರಲಿಲ್ಲ. ಜೋಕರ್ ಕೈಯಲ್ಲಿತ್ತಂತೆ.

ನಾಲ್ಕಕ್ಕೆ ಜವಾನ ಮತ್ತೆ ಹೋಗಿ ಬಂದ. "ಆ ಆಟ ಮುಗೀತು ಸಾರ್. ಇನ್ನೊಂದಕ್ಕೆ ಹಂಚ್ಯಾರೆ."

"ಹಂಚಿದೋರು ಯಾರಪ್ಪ?" ಅಮ್ಮ ಕೇಳಿದರು.

"ನಿಮ್ಮನೆಯವ್ರೇ, ಅಕ್ಕಾ."

ಅಮ್ಮ ಕುರ್ಚಿಯಿಂದ ಕಾಲು ಇಳಿಸಿದರು. "ಇನ್ನು ಕಾಯಬ್ಯಾಡ್ರಿ ಸಾರ್, ಬರ್ಕಳ್ರಿ."

ಸಭೆಗೆ ಬಂದವರ ಅಭಿಪ್ರಾಯವನ್ನಷ್ಟೇ ದಾಖಲಿಸಬೇಕೆಂದು ನೋಟಿಸಿನಲ್ಲೇ ಇತ್ತು. ಪಿಡಿಒ ನನ್ನ ಕಡೆ ತಿರುಗಿ, "ನೀವೂ ಸಾರ್ವಜನಿಕರೇ ಅಲ್ವಾ, ಏನಾದ್ರೂ ಹೇಳ್ತೀರಾ?" ಎಂದರು. ನಾನು ವರದಿಗಾರ, ಅಭಿಪ್ರಾಯವಿಲ್ಲ ಎಂದೆ. ಆ ಅಂಗಡಿಯ ಮೆಣಸಿನಕಾಯಿ ಬಜ್ಜಿಯನ್ನು ವರ್ಷಗಟ್ಟಲೆ ತಿಂದಿದ್ದೇನೆಂಬುದನ್ನು ಹೇಳಲಿಲ್ಲ, ವರದಿಯಲ್ಲೂ ಬರೆಯಲಿಲ್ಲ. ಆಕ್ಷೇಪಣೆ ಒಂದು, ಅದಕ್ಕೆ ವಿರೋಧ ಇಲ್ಲ ಎಂದು ದಾಖಲಾಗಿ ಸಭೆ ಮುಗಿಯಿತು.

ಕ್ಲಬ್ಬಿನವರು ಬಂದರು, ಹೇಳಿದಂತೆ ಒಟ್ಟಾಗಿಯೇ. ಆಗ ಜವಾನ ಬೀಗ ಹಾಕುತ್ತಿದ್ದ. "ಏನ್ರೀ ಪೇಪರ್‌ನೋರೇ, ನಮ್ ಪರವಾಗಿ ಒಂದ್ ಮಾತು ಹೇಳಾಕಾಗ್ಲಿಲ್ವಾ?" ಎಂದರು ಅಧ್ಯಕ್ಷರು. ಯಾರು ಗೆದ್ದರು ಎಂದು ಕೇಳಿದೆ. ಅವರು ಅಮ್ಮನ ಯಜಮಾನರ ಕಡೆ ಕೈ ತೋರಿಸಿದರು.

ಐದರಿಂದ ಎಂಟರವರೆಗೆ ಬಾಗಿಲು ಹಾಕುವ ನಿಯಮ ಮುಂದಿನ ವಾರವೇ ಜಾರಿಗೆ ಬಂತು. ಮೊದಲ ಸಂಜೆ ನೋಡಲು ಹೋದೆ. ಬೇರೆಲ್ಲಿಗೂ ಹೋಗಲು ತೋಚದೆ ಕ್ಲಬ್ಬಿನವರೆಲ್ಲ ಅಮ್ಮನ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು. ಬಾಣಲೆಯ ಮುಂದೆ ಯಜಮಾನರು. ಬೆಂದ ಬಜ್ಜಿಗಳನ್ನು ಎಡಗಡೆಯಿಂದ ಶುರುಮಾಡಿ ಒಂದೊಂದು ತಟ್ಟೆಗೆ ಒಂದೊಂದು ಹಾಕುತ್ತ ಹೋದರು. ಸಾಲು ಮುಗಿದ ಮೇಲೆ ಮತ್ತೆ ಎಡಗಡೆಯಿಂದ ಎರಡನೆಯ ಸುತ್ತು. ನಡುವೆ ಅಧ್ಯಕ್ಷರು ಫೋನ್ ಬಂತೆಂದು ಎದ್ದರು.

"ಕುಂತ್ಕಳ್ರಿ," ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದ ಅಮ್ಮ ಹೇಳಿದರು. "ಅವ್ರು ಹಂಚಾದ್ ಮುಗಿದಿಲ್ಲ."

ಅಧ್ಯಕ್ಷರು ಕುಳಿತುಕೊಂಡರು.