ಇನ್ನೂರ ಹನ್ನೊಂದನೆಯ ಚುಕ್ಕಿ

ಬೆಳಗಿನ ಆರೂವರೆ. ಅರಕಲಗೂಡು ತಾಲ್ಲೂಕಿನ ಒಂದು ಹೈಸ್ಕೂಲಿನ ಹಜಾರದಲ್ಲಿ, ಪೂರ್ವದ ಕಿಟಕಿಗೆ ಬೆಂಚು ಎಳೆದುಕೊಂಡು, ಚಂದ್ರನಾಥಯ್ಯನವರು ಒಂದು ಚುಕ್ಕಿಯನ್ನು ಕೆರೆಯುತ್ತಿದ್ದಾರೆ. ತೊಗರಿಕಾಳಿನ ಗಾತ್ರದ ಕೆಂಪು ಚುಕ್ಕಿ. ಬಟ್ಟೆ ಹರಿಯಬಾರದು, ಪಕ್ಕದ ಚುಕ್ಕಿಗೆ ಬ್ಲೇಡು ತಾಗಬಾರದು. ಅವರು ಉಸಿರು ಬಿಗಿಹಿಡಿದಿದ್ದಾರೆ. ನೋಡುತ್ತ ನಿಂತ ಜವಾನ ಚೆನ್ನಯ್ಯನೂ ಹಿಡಿದಿದ್ದಾನೆ.

"ದೀಪದ್ ಬೆಳ್ಕಲ್ಲಿ ಬಣ್ಣ ಸುಳ್ಳು ಏಳ್ತದೆ ಸಾ. ಅದ್ಕೇ ಸೂರ್ಯ ಬರ್ಲಿ ಅಂತ ಕಾಯ್ತಿದ್ದೆ" ಎಂದು ಚಂದ್ರನಾಥಯ್ಯನವರು ನಮ್ಮತ್ತ ತಿರುಗಿ ಹೇಳುತ್ತಾರೆ. ನಿನ್ನೆ ಸಂಜೆಯ ಬಸ್ಸಿಗೆ ಬಂದು, ಹೊತ್ತು ಮುಳುಗುವ ಮುಂಚೆ ಬುತ್ತಿ ಉಂಡು, ಶಾಲೆಯ ಜಗಲಿಯಲ್ಲೇ ಮಲಗಿದ್ದವರು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಇನ್ನು ಮೂರೇ ವಾರ. ಅಷ್ಟರಲ್ಲಿ ಈ ಚುಕ್ಕಿ ಹೋಗಲೇಬೇಕು.

ಚನ್ನರಾಯಪಟ್ಟಣದ ಚಂದ್ರನಾಥಯ್ಯನವರಿಗೆ ಈಗ, 1965ರಲ್ಲಿ, ಐವತ್ತಮೂರು ವರ್ಷ. ಕಸುಬು ಬೋರ್ಡು ಬರೆಯುವುದು. ಹಿರೀಸಾವೆಯ ರಸ್ತೆಬದಿ ಹೋಟೆಲುಗಳಿಂದ ಹಾಸನದ ಜವಳಿ ಅಂಗಡಿಗಳವರೆಗೆ, ಹೊಳೆನರಸೀಪುರದ ಬಸ್ಸುಗಳ ಹಣೆಯವರೆಗೆ, ನಾವು ದಿನಾ ಓದುವ ಅಕ್ಷರಗಳಲ್ಲಿ ಎಷ್ಟೋ ಇವರ ಕೈಯವು. ಬರೆದವರು ಯಾರೆಂದು ಕೇಳಿದವರಿಲ್ಲ. ಓದಿದ್ದು ನಾಲ್ಕನೆಯ ಕ್ಲಾಸಾದರೂ ಕಾಗುಣಿತವೆಂದರೆ ಪ್ರಾಣ. ಗಿರಾಕಿ ಚೀಟಿಯಲ್ಲಿ 'ಉಪಹಾರ' ಎಂದು ಬರೆದುಕೊಟ್ಟರೆ ಇವರು ಬೋರ್ಡಿನ ಮೇಲೆ 'ಉಪಾಹಾರ' ಎಂದೇ ಬರೆಯುತ್ತಾರೆ. ಅವನನ್ನು ಕೇಳುವುದೂ ಇಲ್ಲ, ಅವನಿಗೆ ಹೇಳುವುದೂ ಇಲ್ಲ. "ದೇವ್ರು ಬರ್ದಿರೋ ಅಣೆಬರಾನೂ ತಿದ್ದಕ್ಕೋಗೋ ಪೈಕಿ ಇವ್ರು" ಎಂದು ಹೆಂಡತಿ ಪದ್ಮಾವತಮ್ಮ ನಗುತ್ತಾರೆ. ಆ ಚಟವೇ ಈಗ ಕೊರಳಿಗೆ ಸುತ್ತಿಕೊಂಡಿದೆ.

ನಾಲ್ಕು ವರ್ಷದ ಹಿಂದೆ ಅವರೂರಿನ ಹೈಸ್ಕೂಲಿನ ವಿಜ್ಞಾನದ ಷಡಕ್ಷರಿ ಮೇಷ್ಟ್ರು ಒಂದು ಪುಸ್ತಕ ತಂದು, ಅದರೊಳಗಿನ ಚಿತ್ರವನ್ನು ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ಬಟ್ಟೆಯ ಮೇಲೆ ಬರೆದುಕೊಡಿ ಎಂದರು. ಜಲಜನಕದಿಂದ ಕ್ಯಾಲ್ಸಿಯಂವರೆಗೆ ಇಪ್ಪತ್ತು ಮೂಲವಸ್ತುಗಳು. ಒಂದೊಂದರ ಪರಮಾಣುವಿಗೂ ನಡುವೆ ಬೀಜ, ಸುತ್ತಲೂ ಬಳೆಗಳು, ಬಳೆಗಳ ಮೇಲೆ ಎಲೆಕ್ಟ್ರಾನಿನ ಚುಕ್ಕಿಗಳು. ಮೊದಲ ಬಳೆಯಲ್ಲಿ ಎರಡಕ್ಕೆ ಮಾತ್ರ ಜಾಗ, ಎರಡನೆಯದರಲ್ಲಿ ಎಂಟಕ್ಕೆ. ಚಂದ್ರನಾಥಯ್ಯನವರು ಅಷ್ಟು ಕೇಳಿ ಸುಮ್ಮನಾಗುವ ಆಸಾಮಿಯಲ್ಲ. ಪುಸ್ತಕದಲ್ಲಿ ಸಾಲಿನ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಚಿಕ್ಕದಾಗಿದ್ದದ್ದು ಕಂಡು ಜಗಳಕ್ಕೇ ನಿಂತರಂತೆ. ಮೇಷ್ಟ್ರು ಬಿಡಿಸಿ ಹೇಳಿದ್ದನ್ನು ಈಗ ನಮಗೆ ಹೇಳುತ್ತಾರೆ:

"ಜನ ಎಚ್ಚಾದ್ರೆ ಮನೆ ದೊಡ್ದಾಗ್ಬೇಕಲ್ವಾ ಸಾ? ಇಲ್ಲಿ ಚುಕ್ಕಿ ಎಚ್ಚಾದಂಗೂ ಮನೆ ಚಿಕ್ದಾಯ್ತದೆ. ನಡುವಿನ ಬೀಜದ ಎಳ್ತ ಜಾಸ್ತಿ ಆಗಿ ಎಲ್ಲಾರ್ನೂ ಅತ್ರುಕ್ಕೆ ಜಗ್ಗತದಂತೆ. ಅದೇ ಕೆಳಗಿನ ಸಾಲಿಗೆ ಇಳುದ್ರೆ ಒಸಾ ಬಳೆ ಸೇರ್ಕತದೆ, ಆಗ ದೊಡ್ದು. ಸೋಡಿಯಂಗಿಂತ ಅದರ ಕೆಳಗಿನ ಪೊಟ್ಯಾಸಿಯಂ ಬಲು ಉದಾರಿ. ಅದರ ಒಂಟಿ ಚುಕ್ಕಿ ದೂರದಲ್ಲಿ ಅದೆ ನೋಡಿ, ಇಡ್ತ ಇಲ್ಲ, ಕೊಟ್ಬುಡ್ತದೆ."

ಎಲ್ಲ ಸರಿಯಾಗಿಯೇ ನಡೆಯಿತು, ಹದಿನೇಳನೆಯ ಕ್ಲೋರಿನ್ ಬರುವವರೆಗೆ. ಅದರ ನಡುವಿನ ಬಳೆಯಲ್ಲಿ ಎಂಟು ಚುಕ್ಕಿ, ಹೊರಗಿನದರಲ್ಲಿ ಏಳು. ಒಳಗಿನ ಒಂದೊಂದು ಚುಕ್ಕಿಗೂ ನೇರವಾಗಿ ಹೊರಗೊಂದು ಚುಕ್ಕಿ. ಒಂದಕ್ಕೆ ಮಾತ್ರ ಎದುರು ಯಾರೂ ಇಲ್ಲ. ಪುಸ್ತಕ ಅಚ್ಚು ಮಾಡಿದವನು ಒಂದನ್ನು ನುಂಗಿದ್ದಾನೆ ಎಂದುಕೊಂಡು ಇವರು ಎಂಟನೆಯದನ್ನೂ ಇಟ್ಟರು. 'ಉಪಾಹಾರ'ಕ್ಕೆ ದೀರ್ಘ ಕೊಟ್ಟಷ್ಟೇ ಸಲೀಸಾಗಿ.

ಅಲ್ಲಿಗೆ ಮುಗಿಯಲಿಲ್ಲ. ಇಂಥ ಚಿತ್ರಕ್ಕೆ ಇವರು ಮೊದಲು ಕಾಗದದ ಮೇಲೆ ಸೂಜಿಯಿಂದ ಚುಚ್ಚಿಕೊಳ್ಳುತ್ತಾರೆ. ಕಾಗದವನ್ನು ಬಟ್ಟೆಯ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದರೆ ತೂತು ಇದ್ದಲ್ಲೆಲ್ಲ ಗುರುತು ಮೂಡುತ್ತದೆ. ಚಿತ್ರ ಚೆನ್ನಾಗಿದೆಯೆಂದು ಬೇರೆ ಶಾಲೆಗಳೂ ಕೇಳಿದವು. ನಾಲ್ಕು ತಾಲ್ಲೂಕಿಗೆ ಒಂಬತ್ತು ಚಿತ್ರಪಟ, ಒಂದೊಂದಕ್ಕೆ ಹನ್ನೆರಡು ದಿನದ ಕೆಲಸ, ಒಂದೊಂದರಲ್ಲೂ ಇನ್ನೂರ ಹನ್ನೊಂದು ಚುಕ್ಕಿ. ಒಂದೂ ತಪ್ಪದಂತೆ ಎಣಿಸಿಯೇ ಕೊಟ್ಟಿದ್ದರು. ಇರಬೇಕಾದದ್ದು ಇನ್ನೂರ ಹತ್ತು.

ಈ ವರ್ಷ ಸಂಕ್ರಾಂತಿ ಕಳೆದ ವಾರ, ಕ್ಲೋರಿನ್ನೂ ಹೊರಬಳೆಯಲ್ಲಿ ಎಂಟಿರುವ ಪಕ್ಕದ ಆರ್ಗಾನೂ ಅವಳಿ ಮಕ್ಕಳಂತೆ ಕಂಡದ್ದು ಷಡಕ್ಷರಿ ಮೇಷ್ಟ್ರಿಗೇ. ಮನೆಗೆ ಬಂದವರು ಬೈಯಲಿಲ್ಲ. "ನಿಮ್ಮ ಕೈ ಮಾಡಿದ್ದನ್ನೇ ಕ್ಲೋರಿನ್ನೂ ಮಾಡುತ್ತೆ ಅಯ್ಯನವರೇ. ಆ ಎಂಟನೆಯದಕ್ಕೆ ಅದು ಜೀವ ಬಿಡುತ್ತೆ. ಸೋಡಿಯಂ ತನ್ನ ಒಂಟಿಯನ್ನು ಕೊಟ್ಟರೆ ಉಪ್ಪಾಗುತ್ತೆ. ನೀವು ಮೊದಲೇ ತುಂಬಿಸಿಬಿಟ್ಟರೆ ಅದಕ್ಕೆ ಇನ್ನೇನು ಬೇಕು?" ಎಂದರಂತೆ.

ಅಂದಿನಿಂದ ಕಂಡ ಬಸ್ಸು ಹತ್ತುತ್ತ, ಬಸ್ಸಿಲ್ಲದ ಕಡೆ ನಡೆಯುತ್ತ ಎಂಟು ಶಾಲೆ ಮುಗಿಸಿದ್ದಾರೆ. ಕೆರೆದ ಜಾಗಕ್ಕೆ ಕೆನೆಬಣ್ಣ ಹಚ್ಚಿ, ಒಣಗಿದ ಮೇಲೆ ಅಲ್ಲೊಂದು ಸಣ್ಣ ಬರಿಯ ಸುತ್ತು ಬರೆಯುತ್ತಾರೆ: ಇಲ್ಲಿ ಜಾಗ ಖಾಲಿಯಿದೆ ಎಂದು. ಈ ಒಂಬತ್ತನೆಯದನ್ನು ಕೊನೆಗೆ ಉಳಿಸಿಕೊಂಡದ್ದು ಹೆದರಿಕೆಯಿಂದ. ಇದೇ ಶಾಲೆಯಲ್ಲಿ ಓದಿದ ಮಲ್ಲಿಪಟ್ಟಣದ ಮಾಯಮ್ಮ ಎಂಬ ಹುಡುಗಿ ಹೋದ ವರ್ಷ ಪರೀಕ್ಷೆಯಲ್ಲಿ ಕ್ಲೋರಿನ್ನಿಗೆ ಎರಡು, ಎಂಟು, ಎಂಟು ಎಂದು ಬರೆದು ಬಂದಿದ್ದಳು. ವಿಜ್ಞಾನದಲ್ಲಿ ಮೂರು ಅಂಕಕ್ಕೆ ಫೇಲಾದಳು. ಚುಕ್ಕಿಯೊಂದರಿಂದಲೇ ಹಾಗಾಯಿತೆಂದು ಯಾರೂ ಹೇಳಲಾರರು. ಅಲ್ಲವೆಂದು ಹೇಳಲು ಚಂದ್ರನಾಥಯ್ಯನವರಿಂದ ಆಗುವುದಿಲ್ಲ. ಶಾಲೆಗೆ ಬರಬೇಕೆಂದು ನಿನ್ನೆ ತಾವೇ ಅವಳ ಮನೆಗೆ ಹೇಳಿಕಳಿಸಿದ್ದಾರೆ.

ಎಂಟು ಗಂಟೆಗೆ ಹುಡುಗಿ ತಾಯಿ ಸುಬ್ಬಮ್ಮನೊಂದಿಗೆ ಬರುತ್ತಾಳೆ. ಚಂದ್ರನಾಥಯ್ಯನವರು ಬ್ರಷ್ಷು ಕೆಳಗಿಟ್ಟು ಎದ್ದು ನಿಂತು, "ತಪ್ಪು ನಂದು ಕಣವ್ವ. ಪುಸ್ತಕ ಸರೀಗಿತ್ತು, ನಾನು ಕೆಡುಸ್ದೆ" ಎನ್ನುತ್ತಾರೆ.

ಸುಬ್ಬಮ್ಮ ಪಟವನ್ನು ನೋಡುತ್ತಾಳೆ, ಇವರನ್ನು ನೋಡುತ್ತಾಳೆ. "ಇಷ್ಟಗಲದ ಬೊಟ್ಟಿಗೆ ನನ್ ಮಗಳ್ದು ಒಂದ್ ವರ್ಸ ಓಯ್ತಲ್ಲ ಸ್ವಾಮಿ." ದನಿ ಏರಿಸದೆ ಅಂದದ್ದು. ಚಂದ್ರನಾಥಯ್ಯನವರು ಕಣ್ಣು ತುಂಬಿದ್ದನ್ನು ಮುಚ್ಚಿಡುವುದಿಲ್ಲ.

ಮಾಯಮ್ಮ ಅಷ್ಟರಲ್ಲಿ ಬೆಂಚಿನ ಬಳಿ ಬಗ್ಗಿದ್ದಾಳೆ. ಈ ಸಲ ಮತ್ತೆ ಪರೀಕ್ಷೆಗೆ ಕಟ್ಟಿದ್ದಾಳೆ. ಬೆರಳಿಟ್ಟು ಒಂದೊಂದೇ ಎಣಿಸುತ್ತಾಳೆ, ಎಲ್ಲರೂ ಕಾಯುತ್ತಾರೆ. "ಇನ್ನೂರತ್ತು. ಈ ಖಾಲಿ ಸುತ್ತೂ ಸೇರ್ಸ್‌ಬೇಕಾ ಸಾ?"

"ಬ್ಯಾಡ ಕಣವ್ವ. ಅದು ಸೋಡಿಯಂ ಕೊಡ್ಬೇಕಾದ್ದು. ನಾನು ಕೊಡೋದಲ್ಲ."

ಹುಡುಗಿ ನಗುತ್ತಾಳೆ. ಚಂದ್ರನಾಥಯ್ಯನವರು ತೆಳು ಬ್ರಷ್ಷು ತೆಗೆದುಕೊಂಡು ಪಟದ ಮೂಲೆಯಲ್ಲಿ ಬರೆಯುತ್ತಾರೆ: 'ಇಲ್ಲಿ ತಪ್ಪಿತ್ತು, ತಿದ್ದಿದೆ. ಚಂದ್ರನಾಥ.' ಉಳಿದ ಎಂಟರಲ್ಲೂ ಹೀಗೇ ಬರೆದಿದ್ದಾರೆ. "ಮೂವತ್ತು ವರ್ಷದಿಂದ ಬೇರೇರ್ ತಪ್ಪು ತಿದ್ದಿವ್ನಿ ಸಾ, ಒಂದುಕ್ಕೂ ಎಸ್ರು ಆಕ್ನಿಲ್ಲ. ಇದುಕ್ಕೆ ಆಕ್ಬೇಕು ಅನ್ನುಸ್ತು."

ಚನ್ನರಾಯಪಟ್ಟಣದ ದಾರಿಯ ಬಸ್ಸಿಗೆ ಇನ್ನೂ ಹೊತ್ತಿದೆ. ಬಣ್ಣದ ಡಬ್ಬಿಗಳನ್ನು ಚೀಲಕ್ಕೆ ಸೇರಿಸುತ್ತಿರುವ ಅವರನ್ನು, ನಿಮಗಿರುವ ಒಂದು ಆಸೆ ಏನು ಎಂದು ಕೇಳಿದರೆ ಯೋಚಿಸುವುದೇ ಇಲ್ಲ.

"ಆ ಕ್ಲೋರಿನ್ ಪ್ರಶ್ನೆ ಈ ವರ್ಷಾನೂ ಬರ್ಲಿ ಸಾ."