ಮರುಳಪ್ಪ ಮಾವನ ಕಾರಿನಲ್ಲಿ ಬೇಲೂರಿಗೆ

ತುಮಕೂರಿನಿಂದ ಹೊರಟ ರೈಲು ಅರಸೀಕೆರೆ ತಲುಪಿದಾಗ ಭಾನುವಾರ ಬೆಳಿಗ್ಗೆ ಎಂಟೂಕಾಲು, ಇಪ್ಪತ್ತು ನಿಮಿಷ ತಡ. ಮಳೆ ಇರಲಿಲ್ಲ. ಮೋಡ ಮಾತ್ರ ತಗ್ಗಾಗಿ ಇಳಿದು ಗೂಡ್ಸ್ ಬೋಗಿಗಳ ಮೇಲೇ ಕೂತಂತಿತ್ತು. ನಿಲ್ದಾಣದ ಹೊರಗೆ ಆಟೋಗಳ ಸಾಲಿನಾಚೆ ಮರುಳಪ್ಪ ಮಾವ ತಮ್ಮ ಬಿಳಿ ಕಾರಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಕಾರಿಗೆ ಯಾರೂ ಒರಗಕೂಡದು, ಅವರೂ ಒರಗುವುದಿಲ್ಲ.

ಮಾವ ನನ್ನ ತಾಯಿಯ ಅಣ್ಣ. ವಯಸ್ಸು ಅರವತ್ತಾರು. ಕಣಕಟ್ಟೆಯಲ್ಲಿ ತೆಂಗಿನ ತೋಟ, ಅರಸೀಕೆರೆ ಪೇಟೆಯಲ್ಲಿ ಕೊಬ್ಬರಿಯ ಸಣ್ಣ ಅಂಗಡಿ. ಹನ್ನೆರಡು ವರ್ಷದಿಂದ ದಿನವೂ ಇದೇ ಕಾರಿನಲ್ಲಿ ಊರಿಗೂ ಅಂಗಡಿಗೂ ಓಡಾಡುತ್ತಾರೆ. ಹಳೇಬೀಡು, ಬೇಲೂರು ನೋಡಬೇಕು ಎಂದು ನಾನು ಫೋನಿನಲ್ಲಿ ಹೇಳಿದಾಗ ಒಂದು ಮಾತೂ ಕೇಳದೆ ಒಪ್ಪಿದ್ದರು. ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು, ಈ ಎರಡೂ ಊರುಗಳನ್ನು ಶಾಲೆಯ ಪ್ರವಾಸದಲ್ಲಿ ಬಿಟ್ಟರೆ ನೋಡಿರಲಿಲ್ಲ. ಹಾಗಾಗಿ ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹಿಂದಿನ ವಾರ ಮಾವನ ಹೆಂಡತಿ ಗಿರಿಜತ್ತೆ ಫೋನ್ ಮಾಡಿದ್ದರು. “ಒಂದ್ ದಿನ ಅವರ ಪಕ್ಕ ಕೂತ್ಕೊಂಡು ಹೋಗ್ಬಾ ಕಣೇ. ಹೆಂಗ್ ಓಡಿಸ್ತಾರೆ ನೋಡು. ಮೊನ್ನೆ ನಮ್ಮನೆ ಗೇಟಿಗೇ ತಾಗಿಸಿದ್ರು. ಕೇಳಿದ್ರೆ ಗೇಟೇ ಬಾಗೈತೆ ಅಂತಾರೆ. ಬರೋ ಸೋಮವಾರದಿಂದ ಊರಿನ ಮೂರು ಹೆಣ್ಮಕ್ಳನ್ನ ಅರಸೀಕೆರೆ ಕಾಲೇಜಿಗೆ ದಿನಾ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟವ್ರೆ. ಬಸ್ಸು ಟೈಮಿಗೆ ಬರಲ್ಲ ಅಂತ ಅವರಪ್ಪಂದಿರು ಕೇಳ್ಕೊಂಡ್ರಂತೆ. ನಾನ್ ಬೇಡ ಅಂದ್ರೆ ಅದು ಹೆಂಡ್ತಿ ಗೊಣಗಾಟ. ನೀನು ಓದಿದೋಳು. ನೀನು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ.” ಈ ಕೆಲಸ ನನಗೆ ಇಷ್ಟವಾಗಲಿಲ್ಲ. ಆದರೆ ಮೂರು ಮನೆಯ ಮಕ್ಕಳು ಎಂದ ಮೇಲೆ ಆಗುವುದಿಲ್ಲ ಎನ್ನಲೂ ಆಗಲಿಲ್ಲ.

ಎಂಟೂವರೆಗೆ ಹೊರಟೆವು. ಮೊದಲ ಎಂಟು ಕಿಲೋಮೀಟರ್, ಹಾರನಹಳ್ಳಿಯವರೆಗೆ, ಮಾವನ ಚಾಲನೆಯಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ವೇಗ ನಲವತ್ತು ದಾಟಲಿಲ್ಲ. ಗೇರು ಬದಲಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಹಿಂದಿನಿಂದ ಬಂದ ಟೆಂಪೋವೊಂದು ಪಕ್ಕಕ್ಕೆ ಬಂದಾಗ ಅದರ ಚಾಲಕ ತಲೆ ಹೊರಹಾಕಿ, “ಏನ್ ಯಜಮಾನ್ರೆ, ಮೆರವಣಿಗೇನಾ?” ಎಂದ. “ಹೂಂ ಕಣಪ್ಪ, ಮುಂದೆ ಹೋಗಿ ಓಲಗ ಊದು,” ಎಂದರು ಮಾವ.

ಹಾರನಹಳ್ಳಿ ಇನ್ನೇನು ಬಂತು ಎನ್ನುವಾಗ ಪುನರ್ವಸು ಮಳೆ ಶುರುವಾಯಿತು. ಜೋರಿಲ್ಲ, ಸಣ್ಣಗೆ, ಬಿಡದೆ. ಮಾವ ವೈಪರ್ ಹಾಕಿದರು. ಅದು ಒಂದು ಸಲ ಹೋಗಿ ಬಂದದ್ದೇ ಮುಂದಿನ ರಸ್ತೆ ಮಾಯವಾಯಿತು. ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆಯೊಂದು ಹರಡಿತ್ತು. ಇನ್ನೊಮ್ಮೆ ಉಜ್ಜಿದಾಗ ಪೊರೆ ದಪ್ಪವಾಯಿತು. ಮಾವ ರಸ್ತೆಬದಿಯ ಟೀ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ನಾನು ಇಳಿದು ವೈಪರಿನ ರಬ್ಬರು ಮುಟ್ಟಿ ಬೆರಳು ಮೂಸಿದೆ. ಕೊಬ್ಬರಿ ಎಣ್ಣೆ.

“ರಬ್ಬರು ಬಿಸಿಲಿಗೆ ಸೀಳು ಬಿಡ್ತದೆ ಅಂತ ನಿನ್ನೆ ಸಂಜೆ ಸ್ವಲ್ಪ ಸವರಿದ್ದೆ,” ಎಂದರು ಮಾವ. ಅವರ ಮನೆಯಲ್ಲಿ ಕೀಲು ಕಿರುಗುಟ್ಟಿದರೆ, ಚಪ್ಪಲಿ ಒಣಗಿದರೆ, ಕರುವಿನ ಕೊಂಬಿನ ಬುಡ ಕೆರೆದರೆ, ಎಲ್ಲಕ್ಕೂ ಅದೇ. ಕಾರಿನ ಡ್ಯಾಶ್‌ಬೋರ್ಡು, ಬಾಗಿಲಿನ ಅಂಚು, ಟೈರಿನ ಮಗ್ಗುಲು ಕೂಡ ಮಿಂಚುತ್ತಿದ್ದವು. ವೈಪರಿಗೆ ಮಾತ್ರ ಹಚ್ಚಬಾರದು ಎಂದು ಅವರಿಗೆ ಹೊಳೆದಿರಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ನಾನು ಆಮೇಲೆ ಕೇಳಿದಾಗ, “ಬರಿ. ಎಣ್ಣೆ ವಿಷಯ ಸ್ವಲ್ಪ ಕಮ್ಮಿ ಬರಿ,” ಎಂದರು. ಕಡಿಮೆ ಮಾಡಿಯೇ ಬರೆದಿದ್ದೇನೆ.

ಟೀ ಅಂಗಡಿಯ ಹೆಂಗಸು ಸೆರಗು ತಲೆಗೆ ಹೊದ್ದು ಬಂದು ನೋಡಿದರು. “ಇದೇನ್ ಯಜಮಾನ್ರೆ, ಕಾವಲಿ ಮಾಡಿಟ್ಟಿದ್ದೀರಲ್ಲ. ದೋಸೆ ಹುಯ್ಯಾನಾ?”

“ಸೋಪಿನ ಪುಡಿ ಇದ್ರೆ ಕೊಡವ್ವ.”

“ನಿನ್ನೆಗೇ ಮುಗೀತು. ಬೂದಿ ಆದ್ರೆ ಒಂದೇ ಏಟಿಗೆ ಹೋಗದು. ನಮ್ದು ಗ್ಯಾಸಿನ ಒಲೆ, ಬೂದಿ ಎಲ್ಲಿಂದ ತರಾನ?”

ಮಾವ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ವಿಭೂತಿ ಗಟ್ಟಿಯನ್ನು ತೆಗೆದರು. ಮಠದಿಂದ ತಂದದ್ದು, ಸ್ನಾನವಾದ ಮೇಲೆ ಹಚ್ಚಿಕೊಂಡು, ಉಳಿದದ್ದನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅದನ್ನು ಕಣ್ಣಿಗೊತ್ತಿಕೊಂಡರು. ಅರ್ಧ ಮುರಿದು ನನ್ನ ಕೈಗೆ ಕೊಟ್ಟರು. “ಉಜ್ಜು. ಶಿವ ಏನೂ ಅನ್ಕೊಳಲ್ಲ.”

ನಾನು ಪುಡಿ ಮಾಡಿ ಒದ್ದೆ ಕಾಗದದಿಂದ ಗಾಜಿಗೂ ರಬ್ಬರಿಗೂ ಉಜ್ಜಿದೆ. ಹೆಂಗಸು ಎರಡು ಚೊಂಬು ನೀರು ಹುಯ್ದರು. “ಗಾಡಿಗೆ ದೀಕ್ಷೆ ಆಯ್ತು. ಇನ್ಮೇಲೆ ಎಣ್ಣೆ ಮುಟ್ಟಲ್ಲ ಬಿಡಿ,” ಎಂದರು. ಒಳಗೆ ಕೂತು ವೈಪರ್ ಹಾಕಿ ನೋಡಿದೆ. ರಸ್ತೆಯಾಚೆಯ ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತು, ಅದರ ಕೆಳಗಿನ ಸಣ್ಣ ಅಕ್ಷರದ ಫೋನ್ ನಂಬರ್ ಕೂಡ, ಓದಲು ಬರುತ್ತಿತ್ತು. ಟೀ ಕುಡಿದು ಹೊರಟೆವು. ಹಾರನಹಳ್ಳಿಯ ಹಳೆಯ ಗುಡಿಗಳನ್ನು ವಾಪಸು ಬರುವಾಗ, ಮಳೆ ನಿಂತ ಮೇಲೆ ನೋಡೋಣ ಎಂದುಕೊಂಡೆವು. ಮಳೆ ಆ ದಿನ ನಿಲ್ಲಲಿಲ್ಲ.

ಹಾರನಹಳ್ಳಿಯಿಂದ ಹಳೇಬೀಡಿಗೆ ಒಳದಾರಿ. ರಾಗಿಗೆ ಹಸನು ಮಾಡಿದ ಹೊಲಗಳು, ಅಲ್ಲಲ್ಲಿ ನೀರು ನಿಂತ ಗುಂಡಿಗಳು. ಎರಡು ಮೈಲಿ ಹೋದ ಮೇಲೆ ಮಾವ ಸ್ಟೀರಿಂಗಿನ ಮೇಲೆ ಬಾಗಿಕೊಂಡರು. “ಇನ್ನೂ ಮಬ್ಬು ಐತೆ ಕಣವ್ವ. ಎಣ್ಣೆ ಪೂರ್ತಿ ಬಿಟ್ಟಿಲ್ಲ.”

ನಾನು ಗಾಜನ್ನು ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ಹೊಲಗಳನ್ನು ನೋಡುವುದು ಬಿಟ್ಟೆ. ಮಾವ ಗುಂಡಿಗಳನ್ನು ತಪ್ಪಿಸುತ್ತಿರಲಿಲ್ಲ; ಗುಂಡಿಗೆ ಇಳಿದ ಮೇಲೆ ನಿಧಾನ ಮಾಡುತ್ತಿದ್ದರು. ಎದುರಿನ ವಾಹನ ದೀಪ ಹಾಕಿದ್ದರೆ ಬೇಗ ಪಕ್ಕಕ್ಕೆ ಸರಿಯುತ್ತಿದ್ದರು, ಹಾಕದಿದ್ದರೆ ತಡವಾಗಿ. “ಮುಂದೆ ಇರೋದು ಬಸ್ಸಾ?” ಎಂದು ಒಮ್ಮೆ ಕೇಳಿದರು. ಅದು ಹುಲ್ಲು ಹೇರಿದ ಟ್ರ್ಯಾಕ್ಟರ್. ಊರಿನ ಹೆಸರಿನ ಫಲಕವೊಂದು ಬಂದಾಗ, ಇದು ಯಾವ ಊರು ಮಾವ ಎಂದೆ. “ನೀನೇ ಓದವ್ವ. ಓದ್ಸೋಕೆ ಸಂಬಳ ತಗೊಳೋದು ನೀನಲ್ವಾ,” ಎಂದು ನಕ್ಕರು. ನಾನೂ ನಕ್ಕೆ. ಪರೀಕ್ಷೆ ಮಾಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿದೆಯೇ ಎಂದು ತಿಳಿಯಲಿಲ್ಲ.

ಹಳೇಬೀಡಿನಲ್ಲಿ ಮಳೆಯ ಹನಿ ದಪ್ಪವಾಯಿತು. ಚಪ್ಪಲಿ ಬಿಟ್ಟು ಒದ್ದೆ ಹಾಸುಗಲ್ಲಿನ ಮೇಲೆ ನಡೆಯುವಾಗ ಪಾದ ಜುಮ್ಮೆನ್ನುತ್ತಿತ್ತು. ಪ್ರವಾಸಿಗಳು ಕಡಿಮೆ, ಒಬ್ಬ ಮಾರ್ಗದರ್ಶಿ ತನ್ನ ಛತ್ರಿಯ ಕೆಳಗೆ ನಾಲ್ವರನ್ನು ಸೇರಿಸಿಕೊಂಡು ಆನೆಗಳ ಸಾಲನ್ನು ತೋರಿಸುತ್ತಿದ್ದ. ಒದ್ದೆಯಾದ ಕಲ್ಲು ಕಪ್ಪಾಗಿ, ಕುದುರೆ, ಬಳ್ಳಿ, ಮಕರ ಎಲ್ಲವೂ ಬಿಸಿಲಿನ ದಿನಕ್ಕಿಂತ ಆಳವಾಗಿ ಕೊರೆದಂತೆ ಕಾಣುತ್ತಿದ್ದವು. ಮಾವ ಗೋಡೆಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ನೋಡುತ್ತಾ ಹೋದರು. ಕಾವಲಿನವನು, “ಅಜ್ಜ, ಮುಟ್ಬೇಡಿ,” ಎಂದ. “ಮುಟ್ತಿಲ್ಲ ಕಣಪ್ಪ, ನೋಡ್ತಿದೀನಿ,” ಎಂದರು. ಗರ್ಭಗುಡಿಯ ಮುಂದೆ ಕತ್ತಲಿತ್ತು. ಮೆಟ್ಟಿಲಿಗೆ ಕಾಲಿಡುವ ಮೊದಲು ಅವರು ಪಾದದಿಂದ ತಡವಿದರು. ನಾನು ಕೈ ಚಾಚಿದೆ, ಅವರು ಕಂಬ ಹಿಡಿದುಕೊಂಡರು.

ಹುಲಿಕೆರೆಯ ಮೆಟ್ಟಿಲುಕೊಳ ಅಲ್ಲಿಂದ ಹತ್ತಿರ. ನೋಡಿಯೇ ಹೋಗೋಣ ಎಂದವಳು ನಾನು. ಆ ಕಿರಿದಾದ ರಸ್ತೆಯಲ್ಲಿ, ಕೊಳ ಬರುವ ಮೊದಲು, ಎಡಪಕ್ಕದಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕಪ್ಪು ಛತ್ರಿ ಹಿಡಿದು ನಮ್ಮ ಮುಂದೆಯೇ ನಡೆಯುತ್ತಿದ್ದ. ಮಾವ ಅವನನ್ನು ಕಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಕಾರು ಪಕ್ಕಕ್ಕೆ ಸರಿಯಲಿಲ್ಲ.

“ಮಾವ, ಮನುಷ್ಯ.”

ಬ್ರೇಕು ಬಿತ್ತು. ಕಾರು ಸ್ವಲ್ಪ ಜಾರಿ ನಿಂತಿತು. ಛತ್ರಿಯ ಅಂಚು ಬಾನೆಟ್ಟಿಗೆ ತಾಗಿ ಮಗುಚಿತು, ಆ ಮನುಷ್ಯನಿಗೆ ಏನೂ ಆಗಲಿಲ್ಲ. ಆತ ಛತ್ರಿಯನ್ನು ಸರಿಮಾಡಿಕೊಂಡು ನಿಧಾನವಾಗಿ ಮಾವನ ಕಿಟಕಿಗೆ ಬಂದ.

“ಇಷ್ಟ್ ದಪ್ಪ ಮನುಷ್ಯ, ಇಷ್ಟ್ ದೊಡ್ಡ ಛತ್ರಿ. ಇನ್ನೂ ಏನ್ ಬೇಕಾಗಿತ್ತು ಸ್ವಾಮಿ ಕಾಣಕ್ಕೆ? ಬ್ಯಾಂಡ್‌ಸೆಟ್ಟಾ?”

“ತಪ್ಪಾಯ್ತು ಕಣಪ್ಪ. ಗಾಜಿಗೆ ಎಣ್ಣೆ ಹತ್ತೈತೆ.”

ಆತ ಬಗ್ಗಿ, ಹೆಬ್ಬೆರಳಿನಿಂದ ಮುಂದಿನ ಗಾಜನ್ನು ಉದ್ದಕ್ಕೆ ಒರೆಸಿ, ಬೆರಳು ನೋಡಿಕೊಂಡ. “ಎಲ್ಲೈತೆ ಎಣ್ಣೆ? ನಮ್ಮನೆ ಕನ್ನಡಿಗಿಂತ ಚೆಂದಾಗೈತೆ.” ಆಮೇಲೆ ಮಾವನ ಮುಖವನ್ನೇ ಒಂದು ಕ್ಷಣ ನೋಡಿದ. ಅವನ ದನಿ ಇಳಿಯಿತು. “ನಿಧಾನಕ್ಕೆ ಹೋಗಿ ಯಜಮಾನ್ರೆ,” ಎಂದು ಹೊರಟುಹೋದ.

ಕೊಳ ನೋಡಿದೆವು. ಮೆಟ್ಟಿಲುಗಳ ಮೇಲಿನ ಪುಟ್ಟ ಗುಡಿಗಳು ನೀರಿನಲ್ಲಿ ತಲೆಕೆಳಗಾಗಿ ಕಾಣಬೇಕಿತ್ತು. ಮಳೆಹನಿ ಬಿದ್ದು ಯಾವ ಬಿಂಬವೂ ನಿಲ್ಲುತ್ತಿರಲಿಲ್ಲ. ಮಾವ ಮೇಲೆಯೇ ನಿಂತಿದ್ದರು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ನಲವತ್ತೈದು ನಿಮಿಷ ಹಿಡಿಯಿತು. ಎದುರು ಏನಾದರೂ ಬಂದಾಗ ನಾನು “ಲಾರಿ”, “ಬೈಕು”, “ಎಮ್ಮೆ” ಎಂದಷ್ಟೇ ಹೇಳುತ್ತಿದ್ದೆ. ಅವರು ಅದಕ್ಕೆ ತಕ್ಕಂತೆ ಓಡಿಸಿದರು. ಬೇಡ ಎನ್ನಲಿಲ್ಲ.

ಬೇಲೂರಿನಲ್ಲಿ ಊಟಕ್ಕೆ ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಊಟವಾದ ಮೇಲೆ ನಾನೊಬ್ಬಳೇ ದೇವಸ್ಥಾನಕ್ಕೆ ಹೋದೆ. ಗೋಪುರದ ನೆತ್ತಿ ಮೋಡದಲ್ಲಿ ಸೇರಿಹೋಗಿತ್ತು. ಗುಡಿ ನಿಂತ ಕಲ್ಲಿನ ಜಗತಿಯ ಮೇಲೆ ಒಂದು ಸುತ್ತು ಬಂದೆ. ಒಳಗಿನ ಕಂಬಗಳನ್ನು ಟಾರ್ಚಿನ ಬೆಳಕಿನಲ್ಲಿ ತೋರಿಸುತ್ತಿದ್ದರು. ಗಮನವಿಟ್ಟು ನೋಡಿದೆ ಎಂದು ಹೇಳಲಾರೆ. ಅರ್ಧ ಗಂಟೆಯಲ್ಲಿ ಹಿಂದಿರುಗಿದಾಗ ಪಾರ್ಕಿಂಗಿನಲ್ಲಿ ಕಣಕಾಲಿನವರೆಗೆ ಕೆಸರು. ಮಾವ ಕಾರಿನಲ್ಲಿ, ಎಡಗಡೆಯ ಸೀಟಿನಲ್ಲಿ ಕೂತಿದ್ದರು. ನಾನು ಬಲಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂತೆ.

“ಗಿರಿಜ ಫೋನ್ ಮಾಡಿದ್ಲಾ ನಿಂಗೆ?”

“ಮಾಡಿದ್ರು.”

“ಅನ್ಕೊಂಡೆ. ಮಳೇಲಿ ಯಾರು ಬೇಲೂರು ನೋಡಾಕೆ ಬತ್ತಾರೆ. ಏನ್ ಹೇಳ್ತೀಯ ಅವಳಿಗೆ?” ಎಂದರು.

“ಕಂಡಿದ್ದನ್ನ.”

“ನಿಂಗೆ ಕಾಣ್ತದೆ, ನೀನು ಹೇಳ್ಬೋದು,” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೀಲಿ ನನ್ನ ಕೈಗೆ ಕೊಟ್ಟರು.

ನನಗೆ ಲೈಸೆನ್ಸ್ ಬಂದು ಎರಡು ವರ್ಷ. ಮಳೆಯಲ್ಲಿ ಇಷ್ಟು ದೂರ ಎಂದೂ ಓಡಿಸಿರಲಿಲ್ಲ. ಕ್ಲಚ್ಚಿನ ಗಟ್ಟಿತನಕ್ಕೆ ಎಡಮಂಡಿ ನೋಯತೊಡಗಿತು. ಎಸಿ ಕೆಟ್ಟಿದ್ದರಿಂದ ಗಾಜಿಗೆ ಒಳಗಡೆ ಆವಿ ಕಟ್ಟುತ್ತಿತ್ತು, ಕಿಟಕಿ ಎರಡು ಬೆರಳು ಇಳಿಸಿದರೆ ಬಲತೋಳು ನೆನೆಯುತ್ತಿತ್ತು. ಜಾವಗಲ್ಲಿನ ಸರ್ಕಲ್ಲಿನಲ್ಲಿ ಕಾರು ಎರಡು ಸಲ ನಿಂತುಹೋಯಿತು. ಹಿಂದಿನ ಲಾರಿ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ.

“ಅವನು ಕಿರುಚ್ಕೊಳ್ಲಿ. ಒಂದಕ್ಕೆ ಹಾಕು. ನಿಧಾನಕ್ಕೆ ಬಿಡು. ಇಂಜಿನ್ ಕೇಳು, ಅದೇ ಹೇಳ್ತದೆ.”

ಅವರು ಇಷ್ಟು ದಿನ ಓಡಿಸಿದ್ದು ಹೀಗೆ ಎಂದು ಆಗ ಅರ್ಥವಾಯಿತು. ಬಾಣಾವರದವರೆಗೆ ಅವರು ಕಣ್ಣು ಮುಚ್ಚಿಕೊಂಡೇ ನನಗೆ ಗೇರು ಹೇಳಿಕೊಟ್ಟರು. ಒಂದೂ ತಪ್ಪಲಿಲ್ಲ.

ಅರಸೀಕೆರೆ ದಾಟಿ ಕಣಕಟ್ಟೆಯ ಕಡೆ ಹೊರಳಿದ ಮೇಲೆ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಇಪ್ಪತ್ತು ವಾಹನಗಳ ಸಾಲು. ಪಂಪಿನಿಂದ ನೀರು ಎತ್ತುತ್ತಿದ್ದಾರೆ, ಅರ್ಧ ಗಂಟೆ ಆಗುತ್ತದೆ ಎಂದು ಮುಂದಿದ್ದವರು ಹೇಳಿದರು. ಇಂಜಿನ್ ಆರಿಸಿದೆ. ಮಾವ ಮೊಬೈಲನ್ನು ಮುಖದ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಒತ್ತಿದರು. ಆಮೇಲೆ ನನಗೆ ಕೊಟ್ಟು, “ಶಿವಣ್ಣನ ನಂಬರ್ ಹಾಕಿಕೊಡು,” ಎಂದರು. ಶಿವಣ್ಣ ಕಾಲೇಜಿಗೆ ಹೋಗುವ ಆ ಮೂವರು ಹುಡುಗಿಯರಲ್ಲಿ ಒಬ್ಬಳ ತಂದೆ. ಸ್ಪೀಕರಿನಲ್ಲಿ ಅವರ ದನಿ ಕಾರು ತುಂಬ ಕೇಳಿತು.

“ಹೇಳಿ ಮರುಳಣ್ಣ. ನಾಳೆ ಏಳೂವರೆಗೆ ರೆಡಿ ಇರ್ತವೆ ಹುಡುಗೀರು.”

“ಅದಕ್ಕೇ ಮಾಡ್ದೆ ಕಣಪ್ಪ. ನಾಳೆಯಿಂದ ಬಸ್ಸಿಗೇ ಕಳ್ಸು.”

“ಯಾಕೆ, ಗಾಡಿ ಕೈ ಕೊಡ್ತಾ?”

“ಗಾಡಿ ಚೆನ್ನಾಗೈತೆ.”

“ಮತ್ತೆ?”

ಮುಂದಿನ ಲಾರಿಯ ಹಿಂಬದಿಯಿಂದ ಮಳೆನೀರು ಸುರಿಯುತ್ತಿತ್ತು. ಮಾವ ಅದರ ಕಡೆ ಮುಖ ಮಾಡಿದ್ದರು. “ನನಗೆ ಕಣ್ಣು ಕಾಣ್ತಿಲ್ಲ ಶಿವಣ್ಣ. ಇವತ್ತು ಒಬ್ಬ ಮನುಷ್ಯನ ಮೇಲೆ ಹತ್ತಿಸ್ತಿದ್ದೆ.”

“ತೋರಿಸ್ಕೊಳ್ಳಿ ಅಣ್ಣ. ನಮ್ಮ ಚಿಕ್ಕಪ್ಪನಿಗೂ ಹಂಗೇ ಆಗಿತ್ತು. ಪೊರೆ ತೆಗೆದ್ರೆ ಸರಿ ಹೋಯ್ತದೆ,” ಎಂದರು ಶಿವಣ್ಣ. ಉಳಿದ ಇಬ್ಬರ ಅಪ್ಪಂದಿರಿಗೂ ತಾನೇ ಹೇಳುತ್ತೇನೆ ಎಂದರು. ಮಾವ ಒಪ್ಪಲಿಲ್ಲ. ಒಬ್ಬೊಬ್ಬರಿಗೂ ಫೋನ್ ಹಚ್ಚಿಸಿಕೊಂಡು, ಅದೇ ಮಾತನ್ನು ಅಷ್ಟೇ ಪೂರ್ತಿಯಾಗಿ ಹೇಳಿದರು. ಮೂರನೆಯ ಸಲ ಹೇಳುವಾಗ ದನಿ ಮಾಮೂಲಿಗೆ ಬಂದಿತ್ತು.

“ಗಿರಿಜಂಗೆ ನೀನು ಹೇಳ್ಬೇಡ,” ಎಂದರು ಫೋನ್ ಜೇಬಿಗಿಡುತ್ತಾ. “ನಾನೇ ಹೇಳ್ತೀನಿ.”

ಮನೆ ಮುಟ್ಟಿದಾಗ ಆರೂವರೆ. ಅತ್ತೆ ಜಗಲಿಗೆ ಬಂದು ನಿಂತಿದ್ದರು. ನಾನು ಬಲಗಡೆಯ ಬಾಗಿಲಿನಿಂದ ಇಳಿದೆ, ಮಾವ ಎಡಗಡೆಯಿಂದ. ಅವರು ಅಂಗಳ ದಾಟಿ ಜಗಲಿಯ ಕೆಳಗಿನ ಮೆಟ್ಟಿಲನ್ನು ಪಾದದಿಂದ ತಡವಿ, ಅಲ್ಲೇ ನಿಂತರು.

“ಕೈ ಕೊಡೇ,” ಎಂದರು. “ಮೆಟ್ಲು ಕಾಣ್ತಿಲ್ಲ.”

ಅತ್ತೆ ಇಳಿದು ಬಂದು ಕೈ ಕೊಟ್ಟರು.